ಎಂ.ಜಿ. ರೋಡಿನಲ್ಲಿ ಗಂಟೆಗೆ ಎಷ್ಟು? ಪಾರ್ಕಿಂಗ್ ದರದ ಒಳಲೆಕ್ಕ

ಚಿಕ್ಕಮಗಳೂರಿನಲ್ಲಿ ಪಾರ್ಕಿಂಗ್ ವಿಷಯ ಎತ್ತಿದರೆ ಎರಡು ಮಾತು ಕೇಳಿಬರುತ್ತವೆ. "ಎಂ.ಜಿ. ರೋಡಿನಲ್ಲಿ ಗಾಡಿ ನಿಲ್ಲಿಸೋಕೆ ಜಾಗಾನೇ ಇಲ್ಲ" ಅನ್ನೋದು ಒಂದು. "ಗಾಡಿ ನಿಲ್ಲಿಸೋಕೂ ದುಡ್ಡು ಕೊಡಬೇಕಾ?" ಅನ್ನೋದು ಇನ್ನೊಂದು. ಹೆಚ್ಚಾಗಿ ಎರಡೂ ಒಬ್ಬರ ಬಾಯಿಂದಲೇ ಬರುತ್ತವೆ, ಅದೂ ಒಂದೇ ಕಾಫಿ ಮುಗಿಯೋದರೊಳಗೆ. ಮೊದಲನೇ ದೂರಿಗೆ ಕಾರಣ ಎರಡನೇ ದೂರಿನಲ್ಲೇ ಇದೆ ಅನ್ನೋದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಪುಕ್ಕಟೆ ಸಿಗುವ ಜಾಗ ಬೆಳಿಗ್ಗೆ ಹತ್ತಕ್ಕೇ ತುಂಬುತ್ತದೆ, ಸಂಜೆವರೆಗೂ ಖಾಲಿ ಆಗುವುದಿಲ್ಲ.

ಹಾಗಾದರೆ ಎಷ್ಟು ದರ ಇಟ್ಟರೆ ಸರಿ? ಹತ್ತೋ, ಇಪ್ಪತ್ತೋ, ಐವತ್ತೋ? ನನ್ನ ಪ್ರಕಾರ ಊರಿಗೆಲ್ಲ ಒಂದೇ ದರ ಹುಡುಕುವುದರಲ್ಲೇ ತಪ್ಪು ಇದೆ. ಈ ಬೀದಿಗೆ, ಈ ಹೊತ್ತಿಗೆ ಎಷ್ಟು ಅಂತ ಕೇಳಬೇಕು. ಯಾಕೆ ಅಂತ ನೋಡೋಣ.

ಮೊದಲು ನಾವು ಏನನ್ನು ಬಾಡಿಗೆಗೆ ಹಿಡಿಯುತ್ತಿದ್ದೇವೆ ಅಂತ ತಿಳಿಯಬೇಕು. ನಮ್ಮಲ್ಲಿ ನಗರ ಯೋಜನೆ ಮಾಡುವವರು ಬಯಲು ಪಾರ್ಕಿಂಗಿನಲ್ಲಿ ಒಂದು ಕಾರಿಗೆ 23 ಚದರ ಮೀಟರ್ ಜಾಗ ಲೆಕ್ಕ ಹಿಡಿಯುತ್ತಾರೆ. ಕಾರು ನಿಲ್ಲುವ ಜಾಗದ ಜೊತೆಗೆ ತಿರುಗಿಸಿ ಒಳಗೆ ತರುವ, ಹೊರಗೆ ತೆಗೆಯುವ ದಾರಿಯೂ ಇದರಲ್ಲಿ ಸೇರಿದೆ. ನೆಲಮಾಳಿಗೆ ಆದರೆ 32 ಚದರ ಮೀಟರ್. 23 ಚದರ ಮೀಟರ್ ಅಂದರೆ ಸುಮಾರು 250 ಚದರ ಅಡಿ. ಮಾರ್ಕೆಟ್ ರೋಡಿನಲ್ಲಿ ಇದಕ್ಕಿಂತ ಚಿಕ್ಕ ಅಂಗಡಿ ಇಟ್ಟುಕೊಂಡು ಸಂಸಾರ ನಡೆಸುವವರಿದ್ದಾರೆ.

ಒಂದು ಲೆಕ್ಕ ಹಾಕೋಣ. ಊರ ಮಧ್ಯೆ 40 ಕಾರು ಹಿಡಿಯುವ ಒಂದು ಪಾರ್ಕಿಂಗ್ ಜಾಗ ಇದೆ ಅಂದುಕೊಳ್ಳಿ. ಅದಕ್ಕೆ ಬೇಕಾಗುವುದು 920 ಚದರ ಮೀಟರ್, ಅಂದರೆ ಒಂಬತ್ತು ಗುಂಟೆ. ನೋಡಿಕೊಳ್ಳುವವರ ಸಂಬಳ, ಲೈಟು, ಟಿಕೆಟ್ ಯಂತ್ರ, ಕ್ಲೀನಿಂಗು ಎಲ್ಲ ಸೇರಿ ತಿಂಗಳಿಗೆ 90,000 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ದಿನಕ್ಕೆ 12 ಗಂಟೆ ತೆರೆದಿರುತ್ತದೆ, ಸರಾಸರಿ ಅರ್ಧ ತುಂಬಿರುತ್ತದೆ ಅಂದರೆ ತಿಂಗಳಿಗೆ 7,200 ಗಂಟೆಯ ಪಾರ್ಕಿಂಗ್ ಮಾರಾಟ ಆಗುತ್ತದೆ. ಭಾಗಿಸಿದರೆ ಗಂಟೆಗೆ ಹನ್ನೆರಡೂವರೆ ರೂಪಾಯಿ. ಕಡಿಮೆಯೇ ಆಯ್ತಲ್ಲ ಅನಿಸುತ್ತದೆ. ಆದರೆ ಇದರಲ್ಲಿ ನೆಲದ ಬಾಡಿಗೆ ಸೇರಿಲ್ಲ. ಆ ಒಂಬತ್ತು ಗುಂಟೆಗೆ ಚದರ ಅಡಿಗೆ ತಿಂಗಳಿಗೆ 30 ರೂಪಾಯಿ ಅಂತ ಬಾಡಿಗೆ ಹಿಡಿದರೂ ಗಂಟೆಗೆ ಇನ್ನೊಂದು 41 ರೂಪಾಯಿ ಸೇರುತ್ತದೆ. ಒಟ್ಟು ಸುಮಾರು 54. ಇವೆಲ್ಲ ಲೆಕ್ಕ ತೋರಿಸೋಕೆ ನಾನು ಹಿಡಿದುಕೊಂಡ ಅಂಕಿಗಳು. ನಿಮ್ಮ ಅಂದಾಜು ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ, ನೆಲದ ಪಾಲು ದೊಡ್ಡದು ಅನ್ನುವುದಂತೂ ಬದಲಾಗುವುದಿಲ್ಲ.

ಅಂದರೆ ಗಂಟೆಗೆ 20 ರೂಪಾಯಿ ಕೊಟ್ಟು "ಲೂಟಿ" ಅಂತ ಗೊಣಗುವ ಹೊತ್ತಿಗೆ, ಈ ಲೆಕ್ಕದ ಪ್ರಕಾರ ಉಳಿದ 34 ರೂಪಾಯಿಯನ್ನು ಬೇರೆ ಯಾರೋ ಕೊಡುತ್ತಿದ್ದಾರೆ. ಯಾರು? ಬಸ್ಸಿನಲ್ಲಿ ಬಂದು ನಡೆದು ಹೋಗುವವರು ಕೂಡ ಅದರಲ್ಲಿ ಸೇರಿದ್ದಾರೆ, ಯಾಕೆಂದರೆ ಅದು ಅವರ ಊರಿನ ನೆಲವೂ ಹೌದು. ರಸ್ತೆ ಬದಿ ನಾಲ್ಕಡಿ ಉದ್ದ ನಾಲ್ಕಡಿ ಅಗಲದ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಸೇವಂತಿಗೆ ಮಾರುವ ಹೆಂಗಸಿನ ಹತ್ತಿರ ಸುಂಕ ಕೇಳೋದು ನಮ್ಮ ಊರುಗಳಲ್ಲಿ ಹಳೇ ಪದ್ಧತಿ. ಪಕ್ಕದಲ್ಲೇ ಅದರ ಎಷ್ಟೋ ಪಟ್ಟು ಜಾಗ ಹಿಡಿದು ನಿಂತ ಕಾರಿನ ಹತ್ತಿರ ಕೇಳಿದರೆ ಮಾತ್ರ ಅನ್ಯಾಯ ಅನಿಸುತ್ತದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೂ ಪಾರ್ಕಿಂಗ್ ಶುಲ್ಕ ನೆಲದ ನಿಜವಾದ ಬೆಲೆಯನ್ನು ತೋರಿಸುವಂತಿರಬೇಕು ಅಂತಲೇ ಇದೆ. ನೀತಿ ಬಂದು ಇಷ್ಟು ವರ್ಷ ಆಯ್ತು, ಬಿಡಿ.

ಹಾಗಂತ 54 ರೂಪಾಯಿ ವಸೂಲಿ ಮಾಡಿ ಅಂತ ಹೇಳುತ್ತಿಲ್ಲ. ಖರ್ಚಿನ ಲೆಕ್ಕ ತಿಳಿದಿರಬೇಕು ಅಷ್ಟೇ, ದರ ನಿರ್ಧಾರ ಮಾಡೋಕೆ ಅದು ಸಾಲದು. ದರದ ಕೆಲಸ ಖರ್ಚು ಎತ್ತುವುದಕ್ಕಿಂತ ಹೆಚ್ಚಾಗಿ ಜಾಗ ಖಾಲಿ ಇಡಿಸುವುದು.

ಈ ಮಾತನ್ನು ಜಗತ್ತಿಗೆ ಬಿಡಿಸಿ ಹೇಳಿದವರು ಲಾಸ್ ಏಂಜಲೀಸಿನ ಪ್ರೊಫೆಸರ್ ಡೊನಾಲ್ಡ್ ಶೂಪ್. 2025ರಲ್ಲಿ ತೀರಿಕೊಂಡರು. ಅವರ ಸೂತ್ರ ಬಹಳ ಸರಳ. ಒಂದು ಬೀದಿಯಲ್ಲಿ ಯಾವಾಗ ಬಂದರೂ ಒಂದೆರಡು ಜಾಗ ಖಾಲಿ ಕಾಣಬೇಕು, ಅಂದರೆ ನೂರಕ್ಕೆ 85ರಷ್ಟು ತುಂಬಿರಬೇಕು. ಆ ಮಟ್ಟಕ್ಕೆ ತರುವ ಅತಿ ಕಡಿಮೆ ದರ ಯಾವುದೋ ಅದೇ ಸರಿಯಾದ ದರ. ಪೂರ್ತಿ ತುಂಬಿದ್ದರೆ ದರ ಕಡಿಮೆ ಆಯಿತು ಅಂತ ಅರ್ಥ. ಅರ್ಧ ಖಾಲಿ ಇದ್ದರೆ ಜಾಸ್ತಿ ಆಯಿತು. ಏಳು ಗಾಡಿ ನಿಲ್ಲುವ ಕಡೆ ಆರು ನಿಂತು ಒಂದು ಖಾಲಿ ಇದ್ದರೆ ನೀವು ಗೆದ್ದಿರಿ.

ಆ ಒಂದು ಖಾಲಿ ಜಾಗಕ್ಕೆ ಅಷ್ಟು ಮಹತ್ವ ಯಾಕೆ? ಅದಿಲ್ಲದಿದ್ದರೆ ಜನ ಸುತ್ತುತ್ತಾರೆ. ಹನುಮಂತಪ್ಪ ವೃತ್ತದಿಂದ ಎಂ.ಜಿ. ರೋಡ್, ಅಲ್ಲಿಂದ ಐ.ಜಿ. ರೋಡ್, ಮತ್ತೆ ವಾಪಸ್, ಕಿಟಕಿ ಇಳಿಸಿ "ತೆಗೀತೀರಾ ಸಾರ್?" ಅಂತ ಕೇಳುತ್ತಾ. ಶೂಪ್ ತಮ್ಮ ವಿಶ್ವವಿದ್ಯಾಲಯದ ಪಕ್ಕದ ವೆಸ್ಟ್‌ವುಡ್ ಎಂಬ ಸಣ್ಣ ವ್ಯಾಪಾರಿ ಬಡಾವಣೆಯಲ್ಲಿ ಈ ಸುತ್ತಾಟವನ್ನು ಅಳೆದರು. ಒಬ್ಬೊಬ್ಬರು ಜಾಗ ಹುಡುಕೋಕೆ ಕಳೆದದ್ದು ಸರಾಸರಿ ಮೂರೇ ನಿಮಿಷ ಚಿಲ್ಲರೆ. ಆದರೆ ಎಲ್ಲರದ್ದೂ ಕೂಡಿಸಿದರೆ ಹದಿನೈದು ಬ್ಲಾಕಿನ ಆ ಬಡಾವಣೆಯಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರ್ ಬರೀ ಜಾಗ ಹುಡುಕುವ ಓಡಾಟ! ನಾವು ಟ್ರಾಫಿಕ್ ಅಂತ ಬೈಯುವುದರಲ್ಲಿ ಒಂದು ಪಾಲು ಇಂಥ ಗಾಡಿಗಳೇ. ಅವು ಎಲ್ಲಿಗೂ ಹೋಗುತ್ತಿರುವುದಿಲ್ಲ. ಆಗಲೇ ಬಂದು ತಲುಪಿವೆ, ನಿಲ್ಲೋಕೆ ಜಾಗ ಇಲ್ಲ ಅಷ್ಟೇ.

ಈಗ ನಮ್ಮಲ್ಲಿ ತಲೆಕೆಳಗಾಗಿರುವ ಒಂದು ಸಂಗತಿಗೆ ಬರೋಣ. ರಸ್ತೆ ಬದಿಯ ಜಾಗ, ಅಂದರೆ ಅಂಗಡಿ ಎದುರಿನ ಜಾಗ, ಎಲ್ಲರಿಗೂ ಬೇಕಾದದ್ದು. ಸ್ವಲ್ಪ ನಡೆದು ಹೋಗಬೇಕಾದ ಪಾರ್ಕಿಂಗ್ ಮೈದಾನ ಅಥವಾ ಬಹುಮಹಡಿ ಕಟ್ಟಡ ಅಷ್ಟು ಬೇಡಿಕೆಯದ್ದಲ್ಲ. ಬೇಡಿಕೆ ಜಾಸ್ತಿ ಇರುವ ಕಡೆ ದರ ಜಾಸ್ತಿ ಇರಬೇಕು ತಾನೇ? ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಉಲ್ಟಾ. ರಸ್ತೆ ಬದಿ ಪುಕ್ಕಟೆ, ಒಳಗಿನ ಪಾರ್ಕಿಂಗಿಗೆ ದುಡ್ಡು. ಆಮೇಲೆ ಕೋಟಿಗಟ್ಟಲೆ ಸುರಿದು ಕಟ್ಟಿದ ಪಾರ್ಕಿಂಗ್ ಖಾಲಿ ಹೊಡೆಯುತ್ತಿದೆ ಅಂತ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ ಕಟ್ಟಡವನ್ನೇ ನೋಡಿ. ಕಟ್ಟಿ ಮುಗಿದ ಮೇಲೂ ನಡೆಸುವವರು ಮುಂದೆ ಬರದೆ ಬೀಗ ಹಾಕಿಕೊಂಡಿತ್ತು, ಜನರಿಗೆ ತೆರೆದದ್ದು 2024ರಲ್ಲಿ. ಎದುರಿನ ರಸ್ತೆಯಲ್ಲೇ ಬಿಟ್ಟಿ ನಿಲ್ಲಿಸಬಹುದಾದರೆ ಯಾರು ತಾನೇ ರ‍್ಯಾಂಪ್ ಹತ್ತಿ ಮೂರನೇ ಮಹಡಿಗೆ ಹೋಗುತ್ತಾರೆ? ಚಿಕ್ಕಮಗಳೂರಿನಲ್ಲೂ "ಒಂದು ಬಹುಮಹಡಿ ಪಾರ್ಕಿಂಗ್ ಕಟ್ಟಿಬಿಟ್ಟರೆ ಎಲ್ಲ ಸರಿ ಹೋಗುತ್ತೆ" ಅನ್ನುವವರು ಇದ್ದಾರೆ. ರಸ್ತೆ ಬದಿಗೆ ದರ ಹಾಕದೆ ಅದನ್ನು ಕಟ್ಟಿದರೆ ಕಾಂಕ್ರೀಟ್ ದುಡ್ಡು ನೀರಿಗೆ ಹಾಕಿದಂತೆ.

ಅಂಗಡಿಯವರ ಆತಂಕ ಬೇರೆ. ದುಡ್ಡು ಹಾಕಿದರೆ ಗಿರಾಕಿ ಬರಲ್ಲ ಅಂತ. ಈ ಆತಂಕವನ್ನು ಸುಮ್ನೆ ತಳ್ಳಿಹಾಕಬಾರದು, ಆದರೆ ಒಂದು ಬೆಳಿಗ್ಗೆ ಅಂಗಡಿ ಬೀದಿಯಲ್ಲಿ ನಿಂತು ನೋಡಿ. ಒಂಬತ್ತೂವರೆಗೆ ಶಟರ್ ಎತ್ತುವ ಹೊತ್ತಿಗೆ ಎದುರಿನ ಜಾಗದಲ್ಲಿ ಮೊದಲು ಬಂದು ನಿಲ್ಲುವುದು ಮಾಲೀಕರ ಸ್ವಂತ ಗಾಡಿ. ಆಮೇಲೆ ಕೆಲಸದ ಹುಡುಗರ ಬೈಕುಗಳು. ಅವು ಕದಲುವುದು ರಾತ್ರಿ ಒಂಬತ್ತೂವರೆಗೆ. ಒಬ್ಬ ಗಿರಾಕಿ ಮುಕ್ಕಾಲು ಗಂಟೆ ನಿಲ್ಲಿಸುತ್ತಾನೆ ಅಂದರೆ ಹನ್ನೆರಡು ಗಂಟೆಯಲ್ಲಿ ಅದೇ ಜಾಗಕ್ಕೆ ಹದಿನಾರು ಗಿರಾಕಿಗಳು ಬರಬಹುದಿತ್ತು. ಹದಿನಾರು ಜನರ ಜಾಗದಲ್ಲಿ ಒಂದು ಕಾರು, ಅದೂ ಮಾಲೀಕರದ್ದೇ.

ಪಾರ್ಕಿಂಗ್ ಮೀಟರ್, ಅಂದರೆ ದುಡ್ಡು ಹಾಕಿ ಗಾಡಿ ನಿಲ್ಲಿಸೋಕೆ ರಸ್ತೆ ಬದಿ ನೆಡುವ ಯಂತ್ರ, ಹುಟ್ಟಿದ್ದೇ ಈ ಕಾರಣಕ್ಕೆ. 1935ರ ಜುಲೈನಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಮೊದಲ ಮೀಟರ್ ನೆಟ್ಟರು, ಗಂಟೆಗೆ ಐದು ಸೆಂಟ್. ಅದನ್ನು ಬಯಸಿದ್ದು ವ್ಯಾಪಾರಿಗಳ ಸಂಘವೇ. ಪೇಟೆಯಲ್ಲಿ ಕೆಲಸ ಮಾಡುವವರ ಕಾರುಗಳು ದಿನವಿಡೀ ನಿಂತು ಗಿರಾಕಿಗಳಿಗೆ ಜಾಗ ಇಲ್ಲದಂತಾಗಿತ್ತು. ಇನ್ನೊಂದು ವಿಷಯ. ಗಿರಾಕಿಗಳು ಹೇಗೆ ಬರುತ್ತಾರೆ ಅನ್ನುವ ಬಗ್ಗೆ ಅಂಗಡಿಯವರ ಅಂದಾಜೂ ಹೆಚ್ಚಾಗಿ ತಪ್ಪುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಒಂದು ಅಂಗಡಿ ಬೀದಿಯಲ್ಲಿ 2006ರಲ್ಲಿ ಕೇಳಿದಾಗ, ನೂರಕ್ಕೆ 41 ಜನ ಕಾರಿನಲ್ಲಿ ಬರುತ್ತಾರೆ ಅಂದರು ವ್ಯಾಪಾರಿಗಳು. ಗಿರಾಕಿಗಳನ್ನೇ ಕೇಳಿದರೆ 22. ಎಂ.ಜಿ. ರೋಡಿನಲ್ಲಿ ಕೇಳಿದರೆ ಎಷ್ಟು ಬರಬಹುದು? ಯಾರಾದರೂ ಕೇಳಲಿ ಅನ್ನೋದು ನನ್ನ ಆಸೆ.

ಸ್ಪರ್ಧೆಯ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ದರ "ಸ್ಪರ್ಧಾತ್ಮಕ"ವಾಗಿರಬೇಕು ಅನ್ನುತ್ತಾರೆ. ಯಾರ ಜೊತೆ ಸ್ಪರ್ಧೆ? ಇಪ್ಪತ್ತು ರೂಪಾಯಿ ಉಳಿಸೋಕೆ ಯಾರೂ ಅರವತ್ತು ಕಿಲೋಮೀಟರ್ ದೂರದ ಹಾಸನಕ್ಕೆ ಹೋಗಿ ಸೀರೆ ತರುವುದಿಲ್ಲ. ನಿಜವಾದ ಸ್ಪರ್ಧೆ ಊರಾಚೆ ರಸ್ತೆಯಲ್ಲಿ ಅಗಲವಾದ ಪಾರ್ಕಿಂಗ್ ಇಟ್ಟುಕೊಂಡ ದೊಡ್ಡ ಅಂಗಡಿಗಳ ಜೊತೆ, ಮನೆ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳ ಜೊತೆ. ಅಲ್ಲಿ ಪಾರ್ಕಿಂಗ್ ಪುಕ್ಕಟೆ ಅನ್ನೋದು ಹೆಸರಿಗೆ ಮಾತ್ರ, ಅದರ ಖರ್ಚು ಸಾಮಾನಿನ ಬೆಲೆಯಲ್ಲಿ ಸೇರಿರುತ್ತದೆ. ಹಳೇ ಪೇಟೆ ಪುಕ್ಕಟೆ ಕೊಟ್ಟು ಅವರನ್ನು ಸೋಲಿಸೋಕೆ ಆಗುವುದಿಲ್ಲ, ಅಷ್ಟು ನೆಲವೇ ಇಲ್ಲ. ಹೋದರೆ ಜಾಗ ಸಿಕ್ಕೇ ಸಿಗುತ್ತದೆ ಅನ್ನುವ ನಂಬಿಕೆ ಕೊಡಬಹುದು. ಸಂಸಾರ ಸಮೇತ ಸುತ್ತಿ ಸುತ್ತಿ ಜಾಗ ಸಿಗದೆ ವಾಪಸ್ ಹೋದವರು ಮುಂದಿನ ಸಲ ಪೇಟೆ ಕಡೆ ತಲೆ ಹಾಕುವುದಿಲ್ಲ. ಹದಿನೈದು ರೂಪಾಯಿ ಕೊಟ್ಟು ತಕ್ಷಣ ಜಾಗ ಸಿಕ್ಕವರು ಬರುತ್ತಾರೆ.

ಇನ್ನು ಹೊತ್ತಿನ ವಿಷಯ. ಚಿಕ್ಕಮಗಳೂರು ಒಂದೇ ವಾರದಲ್ಲಿ ಎರಡು ಊರು. ಸೋಮವಾರದಿಂದ ಗುರುವಾರದವರೆಗೆ ತಾಲ್ಲೂಕಿನ ಜನ ಬರುತ್ತಾರೆ, ಕಚೇರಿ, ಕೋರ್ಟು, ಆಸ್ಪತ್ರೆ, ಗೊಬ್ಬರದ ಅಂಗಡಿ ಅಂತ. ಶುಕ್ರವಾರ ರಾತ್ರಿಯಿಂದ ಬೆಂಗಳೂರಿನ ಗಾಡಿಗಳು ಇಳಿಯುತ್ತವೆ. ಭಾನುವಾರ ಮಧ್ಯಾಹ್ನ ಗಿರಿಯಿಂದ ಇಳಿದವರೆಲ್ಲ ಊಟಕ್ಕೆ, ಕಾಫಿಪುಡಿಗೆ ಅಂತ ಒಟ್ಟಿಗೆ ಪೇಟೆಗೆ ನುಗ್ಗುವ ಹೊತ್ತಿಗೆ ನಮ್ಮೂರಿನ ಕೆಎ-18 ನಂಬರನ್ನು ಹುಡುಕಬೇಕು. ಸಂತೆ ದಿನ ಇನ್ನೊಂದು ಥರ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು, ತೋಟದ ಜೀಪು, ಪಿಕಪ್‌ಗಳ ಓಡಾಟ. ದತ್ತ ಜಯಂತಿ, ದೇವೀರಮ್ಮನ ಬೆಟ್ಟದ ಜಾತ್ರೆ ಬಂದರಂತೂ ಕೇಳಲೇಬೇಡಿ. ಇಷ್ಟೆಲ್ಲಕ್ಕೂ ವರ್ಷಪೂರ್ತಿ ಒಂದೇ ದರ ಇಟ್ಟರೆ ಮಂಗಳವಾರ ಮಧ್ಯಾಹ್ನಕ್ಕೆ ಅದು ಜಾಸ್ತಿ, ಭಾನುವಾರಕ್ಕೆ ಏನೇನೂ ಸಾಲದು.

ಸ್ಯಾನ್ ಫ್ರಾನ್ಸಿಸ್ಕೋ 2011ರಲ್ಲಿ ಇದಕ್ಕೊಂದು ನಿಯಮ ಮಾಡಿಕೊಂಡಿತು. ಒಂದು ಬೀದಿ ನೂರಕ್ಕೆ 80ಕ್ಕಿಂತ ಜಾಸ್ತಿ ತುಂಬಿದ್ದರೆ ಗಂಟೆಗೆ 25 ಸೆಂಟ್ ಏರಿಸುವುದು. 60ರಿಂದ 80 ಇದ್ದರೆ ಮುಟ್ಟುವ ಹಾಗಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಇಳಿಸುವುದು, 30ಕ್ಕಿಂತಲೂ ಕಡಿಮೆ ಇದ್ದರೆ ಒಮ್ಮೆಗೇ 50 ಸೆಂಟ್ ಇಳಿಸುವುದು. ಕೆಲವು ವಾರಗಳಿಗೊಮ್ಮೆ ಹೀಗೆ. ಎಲ್ಲರೂ ದರ ಏರುತ್ತಲೇ ಹೋಗುತ್ತದೆ ಅಂದುಕೊಂಡಿದ್ದರು. ಎರಡು ವರ್ಷದ ಕೊನೆಗೆ ನೋಡಿದರೆ ಮೀಟರುಗಳ ಸರಾಸರಿ ದರ ನೂರಕ್ಕೆ 4ರಷ್ಟು ಇಳಿದಿತ್ತು! ಗಿಜಿಗುಡುವ ಬೀದಿಗಳಲ್ಲಿ ಏರಿ, ಪಕ್ಕದ ಬೀದಿಗಳಲ್ಲಿ ಇಳಿದು ಗಾಡಿಗಳು ಹರಡಿಕೊಂಡವು. ಗಾಡಿ ಎಣಿಸೋಕೆ ಅಲ್ಲಿನಂತೆ ಸೆನ್ಸರ್ ನಮಗೆ ಬೇಕಾಗಿಲ್ಲ. ನಾಲ್ಕು ಕಾಲೇಜು ಹುಡುಗರು ನೋಟ್ ಪುಸ್ತಕ ಹಿಡಿದು ಗಂಟೆಗೊಮ್ಮೆ ಬೀದಿ ತುದಿಯಿಂದ ತುದಿಗೆ ನಡೆದು ಎಣಿಸಿದರೆ ಸಾಕು. ಮೂರು ತಿಂಗಳಿಗೊಮ್ಮೆ ಎಣಿಸಿ, ಐದೈದು ರೂಪಾಯಿ ಏರಿಸಿ ಅಥವಾ ಇಳಿಸಿ, ಯಾಕೆ ಅಂತ ಬೋರ್ಡ್ ಹಾಕಿ. ಇಳಿಸಿದ್ದೂ ಕಣ್ಣಿಗೆ ಕಂಡರೆ ಜನ ಏರಿಸಿದ್ದನ್ನು ಒಪ್ಪುತ್ತಾರೆ. ಒಂದು ಮಾತು ಮಾತ್ರ ಲೆಕ್ಕಕ್ಕೆ ಇರಲಿ, ಇದು ಮಲೆನಾಡು. ಜುಲೈ ಮಳೆಯಲ್ಲಿ ಮುನ್ನೂರು ಮೀಟರ್ ನಡೆದು ಬಾ ಅಂದರೆ ಐದು ರೂಪಾಯಿ ಉಳಿಯುತ್ತದೆ ಅಂತ ಯಾರೂ ನಡೆಯುವುದಿಲ್ಲ. ಮಳೆಗಾಲದಲ್ಲಿ ದೂರದ ಜಾಗದ ದರ ಇನ್ನೂ ಇಳಿಯಬೇಕು.

ನ್ಯಾಯದ ಪ್ರಶ್ನೆ ಬಂದಾಗ ನನಗೆ ಮೊದಲು ನೆನಪಾಗುವುದು ಬೈಕು. ಕಾರಿಗೆ 20, ಬೈಕಿಗೆ 10 ಅಂತ ಬೋರ್ಡ್ ನೋಡಿರುತ್ತೀರಿ. ನೋಡೋಕೆ ಸರಿ ಅನಿಸುತ್ತದೆ. ಆದರೆ ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಬೈಕು ನಿಲ್ಲುತ್ತವೆ. ಅಂದರೆ ಕಾರಿನ ಜಾಗದಿಂದ 20 ಬಂದರೆ ಅದೇ ಜಾಗದ ಬೈಕುಗಳಿಂದ 40, 50 ಬರುತ್ತಿದೆ. ಕಡಿಮೆ ಜಾಗ ಹಿಡಿದವನೇ ಜಾಸ್ತಿ ಕೊಡುತ್ತಿದ್ದಾನೆ. ಕಾರಿಗೆ 20 ಇದ್ದರೆ ಬೈಕಿಗೆ 5ಕ್ಕಿಂತ ಜಾಸ್ತಿ ಕೇಳುವುದು ಅನ್ಯಾಯ. ಐದರ ಚಿಲ್ಲರೆ ತೊಂದರೆ ಅನ್ನುವ ನೆಪ ಯುಪಿಐ ಬಂದ ಮೇಲೆ ನಡೆಯುವುದಿಲ್ಲ.

ಅಂಗವಿಕಲರ ಜಾಗಕ್ಕೆ ಅಗಲ ಬೇಕು. ಸಾಮಾನ್ಯ ಕಾರಿನ ಗೆರೆಯ ಅಗಲ ಎರಡೂವರೆ ಮೀಟರ್ ಆದರೆ ಗಾಲಿಕುರ್ಚಿ ಇಳಿಸೋಕೆ 3.6 ಮೀಟರ್ ಬೇಕು ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಅಂಥ ಜಾಗ ಬಾಗಿಲ ಹತ್ತಿರವೇ ಇರಬೇಕು, ದರ ಇರಬಾರದು. ಮೆಡಿಕಲ್ ಶಾಪಿಗೆ ಓಡಿಬಂದವರಿಗೆ ಮೊದಲ ಹದಿನೈದು ನಿಮಿಷ ಬಿಟ್ಟುಬಿಡಬಹುದು. ಅಂಗಡಿ ಕೆಲಸದವರಿಗೆ ಸ್ವಲ್ಪ ದೂರದ ಮೈದಾನದಲ್ಲಿ ಕಡಿಮೆ ದರದ ತಿಂಗಳ ಪಾಸ್ ಕೊಡಬೇಕು, ಇಲ್ಲದಿದ್ದರೆ ದಿನವಿಡೀ ಗಂಟೆ ಲೆಕ್ಕದ ದರ ಅವರ ಸಂಬಳವನ್ನೇ ತಿನ್ನುತ್ತದೆ.

ಹೊರಗಿನವರಿಗೆ ಡಬಲ್ ಹಾಕಿ, ಕೆಎ-18ಕ್ಕೆ ರಿಯಾಯಿತಿ ಕೊಡಿ ಅನ್ನುವ ಸಲಹೆ ಚೆನ್ನಾಗಿ ಕೇಳಿಸುತ್ತದೆ. ನನಗೆ ಒಪ್ಪಿಗೆ ಇಲ್ಲ. ಇಲ್ಲಿನ ಅರ್ಧ ಮನೆಗಳ ಮಕ್ಕಳು ಬೆಂಗಳೂರಿನಲ್ಲಿ ಕಾರು ತೆಗೆದುಕೊಂಡಿದ್ದಾರೆ, ಹಬ್ಬಕ್ಕೆ ಬಂದರೆ ಅವರೂ ಹೊರಗಿನವರೇ? ವಾರಾಂತ್ಯದ ದರ ಏರಿಸಿದರೆ ಪ್ರವಾಸಿಗಳೇ ಹೆಚ್ಚಾಗಿ ಕೊಡುತ್ತಾರೆ, ಯಾರ ಊರು ಕೇಳುವ ಗೋಜೂ ಇಲ್ಲ. ಇಡೀ ದಿನ ನಿಲ್ಲಿಸುವ ಟಿಟಿ, ಬಸ್ಸುಗಳಿಗೆ ಊರ ಅಂಚಿನಲ್ಲಿ ದಿನಕ್ಕಿಷ್ಟು ಅಂತ ಒಂದು ಜಾಗ ಬೇಕೇ ಬೇಕು. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ಬುಕಿಂಗ್ ಮಾಡಿಸುವ ಪದ್ಧತಿಯೇ ಬಂದ ಮೇಲೆ, ಪೇಟೆಯಲ್ಲಿ ದುಡ್ಡು ಕೊಟ್ಟು ನಿಲ್ಲಿಸೋದು ಪ್ರವಾಸಿಗಳಿಗೆ ಹೊಸದೇನೂ ಅಲ್ಲ.

ಇಷ್ಟೆಲ್ಲ ಕೆಡುವುದು ಟೆಂಡರಿನಲ್ಲಿ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಪಾರ್ಕಿಂಗ್ ವಸೂಲಿಯನ್ನು ಹರಾಜು ಹಾಕುತ್ತಾರೆ, ಜಾಸ್ತಿ ಕೂಗಿದವರಿಗೆ ವರ್ಷದ ಗುತ್ತಿಗೆ. ಗುತ್ತಿಗೆದಾರ ಕಟ್ಟಿದ ಹಣ ವಾಪಸ್ ಎತ್ತಬೇಕು, ಮೇಲೆ ಲಾಭ ಬೇಕು. ಜಾಗ ಒಂದೆರಡು ಖಾಲಿ ಇರಲಿ ಅನ್ನುವುದರಿಂದ ಅವನಿಗೆ ಏನೂ ಸಿಗುವುದಿಲ್ಲ. ಹಾಗಾಗಿ ನಲವತ್ತರ ಜಾಗದಲ್ಲಿ ಐವತ್ತು ತುರುಕುತ್ತಾನೆ, ನ್ಯೂಟ್ರಲ್‌ನಲ್ಲಿ ಬಿಡಿ ಸಾರ್ ಅನ್ನುತ್ತಾನೆ, ಬೋರ್ಡಿನಲ್ಲಿ ಹತ್ತು ಇದ್ದರೂ ಬಾಯಲ್ಲಿ ಇಪ್ಪತ್ತು ಅನ್ನುತ್ತಾನೆ, ಚೀಟಿ ಕೇಳಿದರೆ "ಏನ್ ಸಾರ್ ಹತ್ತು ರೂಪಾಯಿಗೆ" ಅಂತ ಮುಖ ನೋಡುತ್ತಾನೆ. ಅವನನ್ನು ಬೈದು ಪ್ರಯೋಜನ ಇಲ್ಲ, ಒಪ್ಪಂದವೇ ಹಾಗಿದೆ. ನಡೆಸಿಕೊಡುವ ಕೆಲಸಕ್ಕೆ ಇಷ್ಟು ಅಂತ ನಗರಸಭೆಯೇ ಸಂಬಳದ ಥರ ಕೊಟ್ಟು, ವಸೂಲಿಯೆಲ್ಲ ಕ್ಯೂಆರ್ ಮೂಲಕ ನೇರ ನಗರಸಭೆ ಖಾತೆಗೆ ಹೋಗುವಂತೆ ಮಾಡಿದರೆ ಗುತ್ತಿಗೆದಾರನಿಗೆ ತುರುಕುವ ಆಸೆಯೂ ಇರುವುದಿಲ್ಲ, ದರ ಇಳಿಸಿದರೆ ತಕರಾರೂ ಇರುವುದಿಲ್ಲ.

ದಂಡದ ಲೆಕ್ಕವೂ ದರದ ಭಾಗವೇ. ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಪ್ರಕಾರ ಸಾಮಾನ್ಯ ತಪ್ಪಿಗೆ ಮೊದಲ ಸಲ 500 ರೂಪಾಯಿವರೆಗೆ ದಂಡ ಅಂತ 2019ರ ತಿದ್ದುಪಡಿಯಲ್ಲಿ ಬಂತು. ದೊಡ್ಡದೇ. ಆದರೆ ಐವತ್ತು ಸಲ ನೋ ಪಾರ್ಕಿಂಗಿನಲ್ಲಿ ನಿಲ್ಲಿಸಿದರೆ ಒಮ್ಮೆ ಸಿಕ್ಕಿಬೀಳುತ್ತೀರಿ ಅಂದುಕೊಳ್ಳಿ. ಆಗ ಒಂದು ಸಲಕ್ಕೆ ಬಿದ್ದದ್ದು ಹತ್ತೇ ರೂಪಾಯಿ. ಪಕ್ಕದ ಪಾರ್ಕಿಂಗ್ ದರ 20. ಲೆಕ್ಕ ಬಲ್ಲವರು ಎಲ್ಲಿ ನಿಲ್ಲಿಸುತ್ತಾರೆ? ದಂಡ ಏರಿಸುವುದಕ್ಕಿಂತ ತಪ್ಪದೆ ಹಾಕುವುದು ಮುಖ್ಯ.

ಕೊನೆಗೆ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು. ಬ್ರಿಟನ್ನಿನಲ್ಲಿ ಊರಿನ ಆಡಳಿತಕ್ಕೆ ರಸ್ತೆ ಪಾರ್ಕಿಂಗ್ ದರವನ್ನು ಬರೀ ಆದಾಯಕ್ಕಾಗಿ ಏರಿಸುವ ಅಧಿಕಾರ ಇಲ್ಲ. ಲಂಡನ್ನಿನ ಬಾರ್ನೆಟ್ ಆಡಳಿತ ಹಾಗೆ ನಿವಾಸಿಗಳ ಪಾಸ್ ದರ ಏರಿಸಿದಾಗ 2013ರಲ್ಲಿ ಹೈಕೋರ್ಟ್ ಅದು ಕಾನೂನಿಗೆ ವಿರುದ್ಧ ಅಂದಿತು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಹಳೇ ಪೇಟೆ ಹಾಳುಬಿದ್ದಿತ್ತು. ಮೀಟರ್ ಹಾಕುತ್ತೇವೆ ಅಂದಾಗ ಅಂಗಡಿಯವರು ಬೇಡವೇ ಬೇಡ ಅಂದರು. ಬಂದ ಹಣವನ್ನೆಲ್ಲ ಇದೇ ಬೀದಿಗೆ ಖರ್ಚು ಮಾಡುತ್ತೇವೆ ಅಂದಾಗ ಒಪ್ಪಿದರು. 1993ರಲ್ಲಿ ಮೀಟರ್ ಬಂತು, ಆ ಹಣದಲ್ಲಿ ಫುಟ್‌ಪಾತು, ದೀಪ, ಮರ, ದಿನವೂ ಕಸ ಗುಡಿಸುವ ವ್ಯವಸ್ಥೆ ಬಂತು, ಪೇಟೆಗೆ ಮತ್ತೆ ಜನ ಬಂದರು. ಐ.ಜಿ. ರೋಡಿನಲ್ಲಿ ಕೊಟ್ಟ ಹತ್ತು ರೂಪಾಯಿ ಐ.ಜಿ. ರೋಡಿನ ಚರಂಡಿ ಚಪ್ಪಡಿ ಆಗಿ, ಮಹಿಳೆಯರು ಹೋಗಬಹುದಾದ ಒಂದು ಶೌಚಾಲಯ ಆಗಿ ಕಂಡರೆ ಕೊಡುವವರ ಗೊಣಗಾಟ ಅರ್ಧ ಇಳಿಯುತ್ತದೆ.

ಮುಂದಿನ ಸಲ ಪಾರ್ಕಿಂಗ್ ಟೆಂಡರ್ ಕರೆದಾಗ ವಾರ್ಡಿನ ಸದಸ್ಯರ ಹತ್ತಿರ ಎಷ್ಟಕ್ಕೆ ಹೋಯಿತು ಅಂತ ಕೇಳಬೇಡಿ. ಎಷ್ಟು ಗಾಡಿ ನಿಲ್ಲಿಸಬಹುದು ಅಂತ ಬರೆದಿದೆಯಾ, ಬೈಕಿನ ದರ ಕಾರಿನ ಕಾಲು ಭಾಗ ಇದೆಯಾ, ವಾರದ ದಿನಕ್ಕೂ ಭಾನುವಾರಕ್ಕೂ ಬೇರೆ ದರ ಇದೆಯಾ, ಬಂದ ಹಣದಲ್ಲಿ ಆ ಬೀದಿಗೆ ಎಷ್ಟು ಪಾಲು ಅಂತ ಕೇಳಿ. ಟೆಂಡರ್ ದಾಖಲೆಯ ಪ್ರತಿ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ, ಅರ್ಜಿಗೆ ಹತ್ತು ರೂಪಾಯಿ.